ಹಿರಿಯರಿಗೆ ಬೇಕಿರುವುದು ಹಕ್ಕುಪತ್ರವಲ್ಲ, ಬೀಗದ ಕೈ

ನಮ್ಮ ಬೀದಿಯ ತಿರುವಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೂವು ಮಾರುತ್ತಿರುವ ಹಿರಿಯ ಮಹಿಳೆಯೊಬ್ಬರು ಕಳೆದ ವರ್ಷ ಒಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ಬಂದರು. ಅವರ ವಯಸ್ಸು ಎಪ್ಪತ್ತೆರಡು. ಸೇವಂತಿಗೆಯ ಮಾರನ್ನು ನನ್ನ ಹೆಂಡತಿಯ ಕೈಗಿತ್ತು, ಎಂದಿನಂತೆ ಹಣ ಪಡೆದು ಹೊರಡದೆ ಮೆಟ್ಟಿಲ ಮೇಲೆ ಕುಳಿತರು. ಅವರು ಬಾಡಿಗೆಗಿದ್ದ ವಠಾರವನ್ನು ಮಾಲೀಕರ ಮಕ್ಕಳು ಮಾರಿದ್ದರು. ತಿಂಗಳೊಪ್ಪತ್ತಿನಲ್ಲಿ ಜಾಗ ಖಾಲಿ ಮಾಡಬೇಕಿತ್ತು. 'ಮೇಷ್ಟ್ರೇ, ಎಲ್ಲಾದ್ರೂ ಒಂದು ರೂಮು ನೋಡಿಕೊಡಿ' ಎಂದರು. ಮೂರು ದಶಕ ಪಾಠ ಹೇಳಿ ನಿವೃತ್ತನಾದ ನನಗೆ ಇದು ವಾರವೊಂದರಲ್ಲಿ ಮುಗಿಯುವ ಕೆಲಸವೆನಿಸಿತ್ತು. ಆ ಭ್ರಮೆ ಕಳೆಯಲು ಹೆಚ್ಚು ದಿನ ಬೇಕಾಗಲಿಲ್ಲ.

ವಠಾರವೆಂಬುದು ಬೆಂಗಳೂರು ತನ್ನ ಬಡವರಿಗೆ ಯಾವ ಯೋಜನೆಯ ಹಂಗೂ ಇಲ್ಲದೆ ಕಟ್ಟಿಕೊಂಡಿದ್ದ ವಸತಿ ವ್ಯವಸ್ಥೆ. ನಡುವೆ ಒಂದು ಅಂಗಳ, ಎರಡೂ ಬದಿ ಸಾಲಾಗಿ ಒಂದೋ ಎರಡೋ ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಿಂದೆ ಶೌಚಾಲಯ. ಅಲ್ಲಿ ಜಗಳವಿತ್ತು, ಗಲೀಜಿತ್ತು, ನೀರಿಗೆ ಸರದಿಯಿತ್ತು. ಆದರೆ ಒಂಟಿ ಹಿರಿಯರಿಗೆ ಬೇಕಾದ ಎರಡು ಸಂಗತಿಗಳೂ ಇದ್ದವು. ಬಾಡಿಗೆ ಕೈಗೆಟುಕುವಂತಿತ್ತು. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ತಟ್ಟಿ ನೋಡುವ ನೆರೆಯವರಿದ್ದರು. ಇಂದು ಆ ವಠಾರಗಳ ಜಾಗದಲ್ಲಿ ನಾಲ್ಕೈದು ಅಂತಸ್ತಿನ ಪಿ.ಜಿ.ಗಳು ಎದ್ದಿವೆ. ನಗರ ಬೆಳೆಯುವಾಗ ಇದು ಅನಿವಾರ್ಯವೆಂದು ವಾದಿಸಬಹುದು. ಆದರೆ ಕೆಡವಿದ್ದರ ಬದಲಿಗೆ ಬಡ ಹಿರಿಯರಿಗೆ ನಾವೇನು ಕಟ್ಟಿದೆವು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ.

ನಾವಿಬ್ಬರೂ ಮೂರು ಬಡಾವಣೆಗಳನ್ನು ಸುತ್ತಿದೆವು. ತಗಡಿನ ಸೂರಿನ ಒಂದು ಕೋಣೆಗೂ ತಿಂಗಳಿಗೆ ಐದಾರು ಸಾವಿರ ಬಾಡಿಗೆ, ಐವತ್ತು ಸಾವಿರ ಮುಂಗಡ. ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕಿಕೊಳ್ಳಿ ಎಂದವರು ಲಕ್ಷಗಳ ಲೆಕ್ಕ ಹೇಳಿದರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ರಾಜ್ಯಗಳ ಮುಂದಿರಿಸಿದ ಮಾದರಿಯಷ್ಟೆ. ನಾವು ಕಂಡ ಮನೆ ಮಾಲೀಕರಲ್ಲಿ ಯಾರೂ ಅದರ ಹೆಸರು ಕೇಳಿದವರಲ್ಲ. ಹೇಗೋ ಹಣ ಹೊಂದಿಸುತ್ತೇವೆ ಎಂದಾಗಲೂ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: 'ಇವರ ಜೊತೆ ಯಾರಿರ್ತಾರೆ? ನಾಳೆ ಏನಾದ್ರೂ ಆದ್ರೆ ನಾವೇನು ಮಾಡೋದು?' ಕೇಳಿದವರು ದುಷ್ಟರಲ್ಲ. ಅವರಿಗೆ ಅವರ ಭಯ. ಆದರೆ ಮಾರುಕಟ್ಟೆಯು ಬಡತನವನ್ನು ಒಂದು ವೇಳೆ ಕ್ಷಮಿಸಬಹುದು, ಬಡತನದ ಜೊತೆ ಮುಪ್ಪೂ ಇದ್ದರೆ ಕ್ಷಮಿಸುವುದಿಲ್ಲವೆಂಬುದು ನನಗೆ ಅಂದು ಅರಿವಾಯಿತು.

ಮಾರುಕಟ್ಟೆ ಕೈಬಿಟ್ಟಲ್ಲಿ ಸರ್ಕಾರ ಕೈಹಿಡಿಯಬೇಕು. ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ನೀಡಲು ಪ್ರಭುತ್ವ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಪರಿಣಾಮಕಾರಿ ವ್ಯವಸ್ಥೆ ಮಾಡಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ಕರ್ನಾಟಕ ಈ ದಿಕ್ಕಿನಲ್ಲಿ ಏನನ್ನೂ ಮಾಡಿಲ್ಲವೆಂದರೆ ಅಪಚಾರವಾದೀತು. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿ ಇಂದು ತಿಂಗಳಿಗೆ 1,200 ರೂಪಾಯಿ. ಪಡಿತರದ ಅಕ್ಕಿಯಿದೆ. 2023ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ, ಮಿತಿಯೊಳಗಿನ ಬಳಕೆಗೆ ಉಚಿತ ವಿದ್ಯುತ್ ಇದೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ದಾಖಲಾದವರಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಪಿಂಚಣಿಯೂ ಗೃಹಲಕ್ಷ್ಮಿಯೂ ಎರಡೂ ದೊರೆತರೂ ತಿಂಗಳಿಗೆ 3,200 ರೂಪಾಯಿ. ಗಾರ್ಮೆಂಟ್ಸ್‌ನಲ್ಲಿ ದುಡಿದು ಭವಿಷ್ಯ ನಿಧಿಯ ಪಿಂಚಣಿ ಪಡೆಯುವವರಿಗೂ ಖಾತರಿಯಿರುವ ಕನಿಷ್ಠ ಮೊತ್ತ 2014ರಿಂದ ಸಾವಿರ ರೂಪಾಯಿಯಷ್ಟೆ. ಅನ್ನಕ್ಕೆ, ಬೆಳಕಿಗೆ, ಓಡಾಟಕ್ಕೆ ದಾರಿ ಮಾಡಿಕೊಟ್ಟ ನಾವು ಸೂರನ್ನು ಮಾತ್ರ ಮರೆತಿದ್ದೇವೆ. ಸೂರಿಲ್ಲದವರಿಗೆ ಉಚಿತ ವಿದ್ಯುತ್ತಿನಿಂದ ಆಗುವ ಪ್ರಯೋಜನವಾದರೂ ಏನು?

ವಸತಿ ಯೋಜನೆಗಳಿಗೇನೂ ಬರವಿಲ್ಲ ಎಂದು ಓದುಗರು ಹೇಳಬಹುದು. ನಿಜ. ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಪ್ರಧಾನಮಂತ್ರಿ ಆವಾಸ್, ಬೆಂಗಳೂರಿಗೆಂದೇ ರೂಪಿಸಿದ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆ ಹೀಗೆ ಹೆಸರುಗಳ ಸಾಲೇ ಇದೆ. ಇವುಗಳಿಂದ ಮನೆ ಪಡೆದ ಕುಟುಂಬಗಳ ಬದುಕು ಹಸನಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಇವುಗಳಲ್ಲಿ ಬಹುತೇಕ ಎಲ್ಲವುಗಳ ಮೂಲ ಕಲ್ಪನೆ ಒಂದೇ: ದುಡಿಯುವ ವಯಸ್ಸಿನ ಒಂದು ಕುಟುಂಬ ಸಹಾಯಧನ ಪಡೆದು, ತನ್ನ ಪಾಲಿನ ಹಣ ಸೇರಿಸಿ, ಸಾಲ ಮಾಡಿ, ಮನೆಯ ಮಾಲೀಕತ್ವ ಪಡೆಯುತ್ತದೆ. ಎಪ್ಪತ್ತರ ಆಚೆಗಿನ ಒಂಟಿ ಜೀವಕ್ಕೆ ಈ ಏಣಿಯ ಒಂದೊಂದು ಮೆಟ್ಟಿಲೂ ಮುರಿದಿರುತ್ತದೆ.

ಮೊದಲನೆಯದು ಸಾಲ. ಬ್ಯಾಂಕುಗಳು ಗೃಹಸಾಲವನ್ನು ಸಾಮಾನ್ಯವಾಗಿ ಸಾಲಗಾರರಿಗೆ ಅರವತ್ತೈದೋ ಎಪ್ಪತ್ತೋ ತುಂಬುವುದರೊಳಗೆ ತೀರುವಂತೆ ಕೊಡುತ್ತವೆ. ಎಪ್ಪತ್ತೆರಡರ ಹೂವಿನವರಿಗೆ ಅರ್ಜಿ ನಮೂನೆಯನ್ನು ಕೊಡುವುದೂ ಅನುಮಾನ. ಎರಡನೆಯದು ಪಡಿತರ ಚೀಟಿ. ವಿಧವೆಯಾದ ಮೇಲೆ ತಾಯಿಯ ಹೆಸರು ಮಗನ ಚೀಟಿಗೆ ಸೇರುತ್ತದೆ. ವಸತಿ ಅರ್ಜಿಗೆ ಚೀಟಿಯ ಸಂಖ್ಯೆ ಬೇಕು. ಆ ಚೀಟಿಯ ಯಾರದಾದರೂ ಹೆಸರಿನಲ್ಲಿ ಊರಿನಲ್ಲೊಂದು ಮನೆಯಿದ್ದರೆ ಅದನ್ನೇ ಮುಂದಿಟ್ಟು ಅರ್ಜಿ ಹಿಂದಿರುಗಿಸುತ್ತಾರೆ. ಮೂರನೆಯದು ಜಾಗ. ಅಗ್ಗದ ಭೂಮಿ ದೊರೆಯುವುದು ನಗರದ ಅಂಚಿನಲ್ಲಿ. ಇಪ್ಪತ್ತೆರಡು ವರ್ಷದ ಗಿರಾಕಿಗಳನ್ನೂ ಪರಿಚಯದ ಔಷಧದಂಗಡಿಯನ್ನೂ ಬಿಟ್ಟು ಅಲ್ಲಿಗೆ ಹೋದ ಹಿರಿಯರು ಮನೆಯೊಂದನ್ನು ಗಳಿಸಿ ಬದುಕನ್ನೇ ಕಳೆದುಕೊಳ್ಳುತ್ತಾರೆ.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವೇ ಇರಲಿಲ್ಲವೆಂದಲ್ಲ. 1999ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹಿರಿಯರ ರಾಷ್ಟ್ರೀಯ ನೀತಿಯು, ನಗರ ಹಾಗೂ ಗ್ರಾಮೀಣ ಪ್ರದೇಶಗಳ ಕಡಿಮೆ ಆದಾಯದವರ ವಸತಿ ಯೋಜನೆಗಳಲ್ಲಿ ಶೇ 10ರಷ್ಟು ಮನೆ ಅಥವಾ ನಿವೇಶನಗಳನ್ನು ಹಿರಿಯರಿಗೆ ಮೀಸಲಿಡಲಾಗುವುದು ಎಂದು ಸ್ಪಷ್ಟವಾಗಿ ಹೇಳಿತ್ತು. ಕಾಲು ಶತಮಾನ ಕಳೆಯಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಮಾರ್ಗಸೂಚಿಗಳು ಹಿರಿಯರಿಗೆ ಆದ್ಯತೆ ನೀಡಬೇಕು, ಅವರಿರುವ ಕುಟುಂಬಕ್ಕೆ ನೆಲಮಹಡಿ ಅಥವಾ ಕೆಳಗಿನ ಮಹಡಿ ಕೊಡಬೇಕು ಎನ್ನುತ್ತವೆ. ಆದರೆ ಹಂಚಿಕೆಯ ಸರದಿಯನ್ನು ತಲುಪಿದವರಿಗಷ್ಟೇ ಆದ್ಯತೆ ಅನ್ವಯಿಸುತ್ತದೆ. ಸಾಲವೂ ಸಿಗದೆ ಪಾಲಿನ ಹಣವನ್ನೂ ಕಟ್ಟಲಾಗದೆ ಬಾಗಿಲ ಹೊರಗೇ ಉಳಿದವರಿಗೆ ನೆಲಮಹಡಿಯಾದರೇನು, ಮೂರನೆಯ ಮಹಡಿಯಾದರೇನು?

ಇನ್ನು ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. 2007ರಲ್ಲಿ ಸಂಸತ್ತು ಅಂಗೀಕರಿಸಿದ ಈ ಕಾಯ್ದೆಯ 19ನೇ ಸೆಕ್ಷನ್, ರಾಜ್ಯ ಸರ್ಕಾರವು ಮೊದಲ ಹಂತದಲ್ಲಿ ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮವನ್ನು ಸ್ಥಾಪಿಸಬಹುದು ಎನ್ನುತ್ತದೆ. 'ಸ್ಥಾಪಿಸಬೇಕು' ಎಂದಲ್ಲ, 'ಸ್ಥಾಪಿಸಬಹುದು'. ಈ ಒಂದು ಕ್ರಿಯಾಪದದ ನೆರಳಿನಲ್ಲಿ ಸರ್ಕಾರಗಳು ವರ್ಷಗಟ್ಟಲೆ ವಿಶ್ರಮಿಸಿವೆ. 2018ರ ಡಿಸೆಂಬರ್‌ನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿರಿಯರ ಆಶ್ರಯ ಮತ್ತು ಆರೋಗ್ಯದ ಹಕ್ಕುಗಳನ್ನು ಎತ್ತಿಹಿಡಿದು, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಮಾಹಿತಿಯನ್ನು ರಾಜ್ಯಗಳಿಂದ ಪಡೆಯುವಂತೆ ಕೇಂದ್ರಕ್ಕೆ ಸೂಚಿಸಬೇಕಾಯಿತು.

ಆ ಕಾಯ್ದೆ ಅಕ್ಷರಶಃ ಜಾರಿಯಾಯಿತೆಂದೇ ಇಟ್ಟುಕೊಳ್ಳೋಣ. ಕರ್ನಾಟಕದ 31 ಜಿಲ್ಲೆಗಳಿಗೆ ತಲಾ 150ರಂತೆ ಒಟ್ಟು 4,650 ಹಾಸಿಗೆಗಳಾಗುತ್ತವೆ. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ. ಅಂದಿನಿಂದ ಆ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಇವರಲ್ಲಿ ಸೂರಿಗಾಗಿ ಪರದಾಡುವವರು ನೂರಕ್ಕೆ ಒಬ್ಬರೇ ಎಂದು ಭಾವಿಸಿದರೂ 58 ಸಾವಿರ ಮಂದಿಯಾಗುತ್ತಾರೆ. ಲೆಕ್ಕದ ಮಾತು ಹಾಗಿರಲಿ. ಹೂವು ಕಟ್ಟಿ ಮಾರುವ ಶಕ್ತಿಯಿರುವ, ತನ್ನ ಅಡುಗೆ ತಾನೇ ಬೇಯಿಸಿಕೊಳ್ಳುವ ಹೆಣ್ಣುಮಗಳನ್ನು ಸಾಲು ಮಂಚಗಳ ಕೋಣೆಗೆ ಏಕೆ ಕಳುಹಿಸಬೇಕು? ವೃದ್ಧಾಶ್ರಮ ಬೇಕು. ಅದು ಇತರರ ಆರೈಕೆಯಿಲ್ಲದೆ ಇರಲಾಗದವರಿಗೆ. ಕೈಕಾಲು ಗಟ್ಟಿಯಿದ್ದೂ ಬಾಡಿಗೆ ಕಟ್ಟಲಾಗದವರಿಗೆ ಬೇಕಾದದ್ದು ಒಂದು ಮನೆ.

ಎಂಥ ಮನೆ? ಈ ಪ್ರಶ್ನೆಗೆ ಹೂವಿನವರೇ ಉತ್ತರ ಕೊಟ್ಟಿದ್ದರು. ಕಚೇರಿಯೊಂದರ ಮುಂದೆ ಸರದಿಯಲ್ಲಿ ನಿಂತಿದ್ದಾಗ, ಹಕ್ಕುಪತ್ರ ಸಿಗಲು ಎಷ್ಟು ವರ್ಷ ಹಿಡಿದೀತೋ ಎಂದು ನಾನು ಗೊಣಗಿದೆ. 'ನಂಗ್ಯಾತಕ್ಕೆ ಪತ್ರ ಮೇಷ್ಟ್ರೇ? ಕಟ್ಟಿಕೊಂಡು ಹೋಗ್ತೀನಾ? ಸಾಯೋ ತನಕ ಯಾರೂ ಎದ್ದೇಳು ಅನ್ನಬಾರ್ದು, ಅಷ್ಟೇ' ಎಂದರು. ವಸತಿ ನೀತಿಯ ಬಗ್ಗೆ ನಾನು ಓದಿದ ಯಾವ ವರದಿಯೂ ವಿಷಯವನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಮಕ್ಕಳು ಮರಿಯಿರುವ ಯುವ ಕುಟುಂಬಕ್ಕೆ ಹಕ್ಕುಪತ್ರ ಭವಿಷ್ಯದ ಭದ್ರತೆ. ಅದನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ. ಆದರೆ ಬದುಕಿನ ಕೊನೆಯ ಹಂತದಲ್ಲಿರುವವರಿಗೆ ಬೇಕಿರುವುದು ಆಸ್ತಿಯಲ್ಲ, ಬೀಗದ ಕೈ. ಆದಾಯಕ್ಕೆ ತಕ್ಕ ಬಾಡಿಗೆಯಲ್ಲಿ, ಬದುಕಿರುವ ತನಕ, ಪರಿಚಿತ ಪರಿಸರದಲ್ಲಿ ನೆಲೆಸುವ ಖಾತರಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಸರ್ಕಾರದ ಹಣದಿಂದ ಅಥವಾ ಸರ್ಕಾರದ ಭೂಮಿಯ ಮೇಲೆ ಕಟ್ಟುವ ಪ್ರತಿ ವಸತಿ ಸಮುಚ್ಚಯದಲ್ಲಿ ಶೇ 10ರಷ್ಟು ಮನೆಗಳನ್ನು, ಅದೂ ನೆಲಮಹಡಿಯ ಮನೆಗಳನ್ನು, ಯಾರಿಗೂ ಮಾರದೆ ಸರ್ಕಾರವೇ ಉಳಿಸಿಕೊಳ್ಳಲಿ. ಅವುಗಳನ್ನು ಬಡ ಹಿರಿಯರಿಗೆ ಜೀವಿತಾವಧಿಯ ಬಾಡಿಗೆಗೆ ಕೊಡಲಿ. ಬಾಡಿಗೆಯು ಅವರ ಪಿಂಚಣಿಯೂ ಸೇರಿದಂತೆ ಆದಾಯದ ನಿಗದಿತ ಪಾಲಾಗಿರಲಿ. ಮುಂಗಡ ಬೇಡ, ಸಾಲ ಬೇಡ. ದಂಪತಿಗಳಾದರೆ ಇಬ್ಬರ ಹೆಸರಿಗೂ ಇರಲಿ. ಇಬ್ಬರ ಕಾಲಾನಂತರ ಆ ಮನೆ ಸರದಿಯಲ್ಲಿರುವ ಮತ್ತೊಬ್ಬ ಹಿರಿಯರಿಗೆ ಹೋಗಲಿ. ಮಾಲೀಕತ್ವಕ್ಕೆ ಕೊಟ್ಟ ಮನೆ ಒಂದು ಕುಟುಂಬಕ್ಕೆ ಒಮ್ಮೆ ನೆರವಾಗುತ್ತದೆ. ಹೀಗೆ ಉಳಿಸಿಕೊಂಡ ಮನೆ ಮೂವತ್ತು ವರ್ಷಗಳಲ್ಲಿ ಮೂರೋ ನಾಲ್ಕೋ ಮಂದಿಯ ಕೊನೆಗಾಲಕ್ಕೆ ಆಸರೆಯಾಗುತ್ತದೆ. ಬೊಕ್ಕಸದ ದೃಷ್ಟಿಯಿಂದ ನೋಡಿದರೂ ಇದು ದುಂದಲ್ಲ.

ಇದು ನನ್ನ ಕಲ್ಪನೆಯ ಕೂಸೇನಲ್ಲ. ಅಮೆರಿಕವು 1959ರ ವಸತಿ ಕಾಯ್ದೆಯ 202ನೇ ಸೆಕ್ಷನ್‌ನಿಂದ ಈ ದಾರಿ ಹಿಡಿಯಿತು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿ 62 ದಾಟಿದ ಕಡಿಮೆ ಆದಾಯದವರು ತಮ್ಮ ಆದಾಯದ ಸುಮಾರು ಶೇ 30ರಷ್ಟನ್ನು ಬಾಡಿಗೆಯಾಗಿ ಕೊಡುತ್ತಾರೆ, ಉಳಿದದ್ದನ್ನು ಸರ್ಕಾರ ಭರಿಸುತ್ತದೆ. ಅಲ್ಲಿಯೂ ಮನೆಗಿಂತ ಸರದಿ ಉದ್ದ, ಅನೇಕರು ವರ್ಷಗಟ್ಟಲೆ ಕಾಯುತ್ತಾರೆ. ಆದರೂ ಹೆಸರು ಬರೆಸಲು ಒಂದು ಪಟ್ಟಿಯಾದರೂ ಇದೆ. ಸಿಂಗಪುರವು 2015ರಿಂದ 55 ದಾಟಿದವರಿಗೆ 15ರಿಂದ 45 ವರ್ಷಗಳ ಅಲ್ಪಾವಧಿ ಗುತ್ತಿಗೆಯ ಎರಡು ಕೋಣೆಗಳ ಮನೆಗಳನ್ನು ಕೊಡುತ್ತಿದೆ. ಆ ದೇಶಗಳ ಸಿರಿವಂತಿಕೆ ನಮಗಿಲ್ಲ ನಿಜ. ಆದರೆ ಇಲ್ಲಿ ಕಲಿಯಬೇಕಾದದ್ದು ಹಣದ ಪಾಠವಲ್ಲ. ವಯಸ್ಸಾದವರಿಗೆ ಮನೆಯ ಒಡೆತನಕ್ಕಿಂತ ವಾಸದ ಹಕ್ಕು ಮುಖ್ಯವೆಂಬ ತಿಳಿವಳಿಕೆಯ ಪಾಠ.

ನಮ್ಮಲ್ಲೂ ಇದಕ್ಕೆ ಬಾಗಿಲು ತೆರೆದಿದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಕೈಗೆಟುಕುವ ಬಾಡಿಗೆ ವಸತಿಯೆಂಬುದೇ ಒಂದು ಪ್ರತ್ಯೇಕ ವಿಭಾಗ. ಮನೆಯನ್ನು ಮಾರದೆ ಬಾಡಿಗೆಗೆ ಕೊಡುವುದನ್ನು ಸರ್ಕಾರವೇ ಒಪ್ಪಿಕೊಂಡ ಮೇಲೆ, ಹಿರಿಯರಿಗೆ ಅದರಲ್ಲಿ ಪಾಲು ನಿಗದಿ ಮಾಡಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ. ಬೇಕಿರುವುದು ಎರಡು ಇಲಾಖೆಗಳ ನಡುವಿನ ಮಾತುಕತೆ. ಮನೆಗಳಿರುವುದು ವಸತಿ ಇಲಾಖೆಯಲ್ಲಿ, ಹಿರಿಯರಿರುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಡತದಲ್ಲಿ. ನಾವು ಅಲೆದಾಡಿದಾಗ ಒಂದು ಕಡೆಯವರು ಇನ್ನೊಂದು ಕಡೆಗೆ ಕೈತೋರಿದರು. ಮೂರನೆಯ ಸಲ ಅದೇ ಮೆಟ್ಟಿಲು ಹತ್ತಿಳಿದ ಮೇಲೆ ಹೂವಿನವರು ನನ್ನನ್ನೇ ಸಮಾಧಾನ ಮಾಡಿದರು.

ಮಕ್ಕಳ ಹೊಣೆಯನ್ನು ಸರ್ಕಾರ ಏಕೆ ಹೊರಬೇಕೆಂಬ ಆಕ್ಷೇಪ ಸಹಜ. 2007ರ ಕಾಯ್ದೆಯಡಿ ಮಕ್ಕಳಿಂದ ಪೋಷಣೆ ಕೇಳುವ ಹಕ್ಕು ತಂದೆತಾಯಿಗಿದೆ, ಇರಲೂ ಬೇಕು. ಆಸ್ತಿ ಬರೆಸಿಕೊಂಡು ಹೆತ್ತವರನ್ನು ಬೀದಿಗೆ ತಳ್ಳುವ ಮಕ್ಕಳಿಗೆ ಅದು ತಕ್ಕ ಮದ್ದು. ಆದರೆ ಹೂವಿನವರ ಮಗ ಅಂಥವನಲ್ಲ. ಬಾಡಿಗೆ ಆಟೊ ಓಡಿಸುತ್ತಾನೆ. ಹೆಂಡತಿ, ಮೂವರು ಮಕ್ಕಳೊಡನೆ ಊರಾಚೆಯ ಒಂದೇ ಕೋಣೆಯಲ್ಲಿದ್ದಾನೆ. ಅವನನ್ನು ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದರೆ ತಾಯಿಗೂ ಮಗನಿಗೂ ನಡುವಿರುವ ಪ್ರೀತಿ ಹೋದೀತೇ ವಿನಾ ಕೋಣೆ ಎರಡಾಗದು. ಬಡತನದಲ್ಲಿ ಹೆತ್ತವರನ್ನು ಸಾಕಲಾಗದ್ದನ್ನೂ, ಸ್ವಾರ್ಥದಿಂದ ಸಾಕದಿರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ದುರುಪಯೋಗವಾದೀತೆಂಬ ಆತಂಕದಲ್ಲಿ ಹುರುಳಿದೆ. ಅಜ್ಜಿಯ ಹೆಸರಿನಲ್ಲಿ ಮನೆ ಪಡೆದು ಮೊಮ್ಮಗ ವಾಸ ಮಾಡುವುದು, ಅಜ್ಜಿ ತೀರಿಕೊಂಡ ಮೇಲೂ ಜಾಗ ಬಿಡದಿರುವುದು ನಡೆಯಬಹುದು. ಪಿಂಚಣಿ ಪಡೆಯುವವರು ಬದುಕಿದ್ದಾರೆಂಬುದನ್ನು ಸರ್ಕಾರ ಹೇಗೂ ಪರಿಶೀಲಿಸುತ್ತದೆ. ಆ ಪರಿಶೀಲನೆಗೇ ಮನೆಯನ್ನೂ ಜೋಡಿಸಬಹುದು. ಸರದಿಯ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಯ ಮೇಲೆ ಹಚ್ಚಬಹುದು. ತನ್ನ ಮುಂದೆ ಎಷ್ಟು ಮಂದಿಯಿದ್ದಾರೆಂದು ಪ್ರತಿಯೊಬ್ಬರಿಗೂ ತಿಳಿದಿದ್ದರೆ ಅಕ್ರಮಕ್ಕೆ ಕಾವಲುಗಾರರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ನಿರ್ವಹಣೆಯ ಪ್ರಶ್ನೆ ಇದಕ್ಕಿಂತ ಕಠಿಣ. ಸರ್ಕಾರಿ ವಸತಿಗೃಹಗಳ ಸೋರುವ ಸೂರುಗಳನ್ನು ನಾವೆಲ್ಲ ಕಂಡಿದ್ದೇವೆ. ಹಿರಿಯರ ಮನೆಗಳನ್ನು ಪ್ರತ್ಯೇಕ ಕಟ್ಟಡದಲ್ಲಿ ಗುಡ್ಡೆ ಹಾಕದೆ ಇತರ ಕುಟುಂಬಗಳ ನಡುವೆ ಹಂಚಬೇಕೆಂದು ನಾನು ಹೇಳುವುದು ಇದಕ್ಕಾಗಿಯೂ. ಎಲ್ಲರ ಸೂರು ಒಂದೇ ಆದಾಗ ದುರಸ್ತಿಗೆ ಒತ್ತಾಯಿಸುವ ದನಿಗಳೂ ಹೆಚ್ಚಾಗಿರುತ್ತವೆ. ಸಮುಚ್ಚಯದ ಮುಂಭಾಗದಲ್ಲಿ ನಾಲ್ಕಾರು ಮಳಿಗೆಗಳನ್ನು ಕಟ್ಟಿ, ಅವುಗಳ ಬಾಡಿಗೆಯನ್ನು ನಿರ್ವಹಣೆಗೇ ಮೀಸಲಿಡಬಹುದು. ವಠಾರದ ನೆರೆಹೊರೆಯನ್ನು ಮತ್ತೆ ಕಟ್ಟಲಾಗದಿದ್ದರೂ, ಬೆಳಿಗ್ಗೆ ಬಾಗಿಲು ತಟ್ಟಿ ನೋಡುವವರಾದರೂ ಪಕ್ಕದಲ್ಲಿರುತ್ತಾರೆ.

ಕೊನೆಯದಾಗಿ, ಅರ್ಜಿ ಸಲ್ಲಿಸಲು ಒಂದೇ ಬಾಗಿಲಿರಲಿ. ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಊರೂರಿನಲ್ಲಿ ಸರ್ಕಾರದ ಸೇವಾ ಕೇಂದ್ರಗಳಿವೆ. ಆದರೆ 'ನನಗೊಂದು ಮನೆ ಬೇಕು' ಎಂದು ಹಿರಿಯರೊಬ್ಬರು ಕೇಳಿದರೆ ಕೊಡಲು ಅಲ್ಲಿ ಉತ್ತರವಿರಬೇಕು. ಬೆಂಗಳೂರಿನಲ್ಲಿ ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ. ಐದರಲ್ಲಿ ಒಂದು ಪಾಲಿಕೆ, ತನ್ನ ಒಂದು ಸಮುಚ್ಚಯದಲ್ಲಿ, ಇಪ್ಪತ್ತು ಮನೆಗಳಿಂದ ಆರಂಭಿಸಿದರೂ ಸಾಕು. ತಪ್ಪುಗಳು ಆಗುತ್ತವೆ, ತಿದ್ದಿಕೊಳ್ಳೋಣ. 1999ರಲ್ಲಿ ಕಾಗದದ ಮೇಲೆ ಕೊಟ್ಟ ಮಾತಿಗೆ ಒಂದು ಕಡೆಯಾದರೂ ಗೋಡೆ ಎದ್ದಂತಾಗುತ್ತದೆ.

ನನಗೆ ಕೋಣೆ ಹುಡುಕಿಕೊಡಲಾಗಲಿಲ್ಲ. ವಠಾರ ಉರುಳಿತು. ಹೂವಿನವರು ಈಗ ಮಗನ ಒಂದೇ ಕೋಣೆಯ ಬಾಗಿಲ ಬಳಿ ಚಾಪೆ ಹಾಸಿಕೊಳ್ಳುತ್ತಾರೆ. ನಸುಕಿನಲ್ಲಿ ಎದ್ದು ಮಾರುಕಟ್ಟೆಗೆ ಹೋಗಿ ಹೂವು ತಂದು, ಎರಡು ಬಸ್ಸು ಬದಲಿಸಿ ನಮ್ಮ ಬೀದಿಯ ತಿರುವಿಗೆ ಬಂದು ಕೂರುತ್ತಾರೆ. ಬಸ್ಸಿಗೆ ಕಾಸು ಕೊಡಬೇಕಾಗಿಲ್ಲವೆಂಬುದು ಅವರ ಸಂತೋಷ. ಅದು ಸರ್ಕಾರದ ಉಪಕಾರವೇ, ಅಲ್ಲಗಳೆಯುವುದಿಲ್ಲ. ಆದರೆ ಎಪ್ಪತ್ತೆರಡರ ವಯಸ್ಸಿನಲ್ಲಿ ದಿನವೂ ಎರಡು ಗಂಟೆ ಹೋಗಲು, ಎರಡು ಗಂಟೆ ಬರಲು ಉಚಿತ ಚೀಟಿ ಕೊಟ್ಟ ನಾಡು, ಆ ಪ್ರಯಾಣವೇ ಬೇಕಾಗದಂತೆ ಹತ್ತಿರದಲ್ಲೊಂದು ಕೋಣೆಯನ್ನು ಕೊಡಲಾರದೆ? ಮೊನ್ನೆ ಹೂವು ಕೊಳ್ಳುವಾಗ 'ಏನಾದ್ರೂ ಗೊತ್ತಾಯ್ತಾ ಮೇಷ್ಟ್ರೇ?' ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ಇದನ್ನು ಓದುತ್ತಾರೆಂಬ ನಂಬಿಕೆಯಿಂದ ಇಷ್ಟನ್ನು ಬರೆದಿದ್ದೇನೆ.